ಇಳಿಯುವುದು ಬಾಕಿ ಇತ್ತು

ರೆಸ್ಯೂಮೆಯಲ್ಲಿ ‘ಹವ್ಯಾಸ: ಟ್ರೆಕ್ಕಿಂಗ್’ ಎಂದು ಬರೆದದ್ದು ಮೊದಲು, ಬೆಟ್ಟ ಹತ್ತಿದ್ದು ಆಮೇಲೆ. ನಮ್ಮ ಕ್ಲಾಸಿನ ಅರ್ಧ ಜನರದ್ದೂ ಇದೇ ಕಥೆ. ಐದನೇ ಸೆಮಿಸ್ಟರ್‌ನಲ್ಲಿ ಪ್ಲೇಸ್‌ಮೆಂಟ್ ಟ್ರೈನಿಂಗ್‌ಗೆ ಬಂದಿದ್ದವರು, ‘ಹವ್ಯಾಸದ ಕಾಲಂ ಖಾಲಿ ಬಿಡಬೇಡಿ, ಹಾಡು ಕೇಳೋದು, ಕ್ರಿಕೆಟ್ ನೋಡೋದು ಅಂತ ಬರೀಬೇಡಿ. ಟೀಂ ವರ್ಕ್ ಕಾಣೋ ಅಂಥದ್ದೇನಾದ್ರೂ ಬರೀರಿ’ ಅಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾವು ನಾಲ್ವರೂ ಟ್ರೆಕ್ಕಿಂಗ್ ಅಂತ ಬರೆದೆವು. ಆಗ ನಾವು ಹತ್ತಿದ್ದ ಅತಿ ಎತ್ತರದ ಜಾಗ ಅಂದರೆ ನಮ್ಮ ಡಿಪಾರ್ಟ್‌ಮೆಂಟಿನ ಟೆರೇಸ್.

ದಾವಣಗೆರೆಯವರನ್ನು ಇದಕ್ಕೆ ಬೈಯಬಾರದು. ಊರಿಂದ ಹೊರಗೆ ಬಂದರೆ ಒಂದು ಕಡೆ ಭದ್ರಾ ನಾಲೆಯ ಭತ್ತದ ಗದ್ದೆ, ಇನ್ನೊಂದು ಕಡೆ ಮೆಕ್ಕೆಜೋಳ, ಎಲ್ಲ ಅಂಗೈ ಥರ ಸಮತಟ್ಟು. ಚಿಕ್ಕವನಿದ್ದಾಗ ಅಮ್ಮನ ಹರಕೆ ತೀರಿಸಲು ಉಚ್ಚಂಗಿದುರ್ಗಕ್ಕೆ ಹೋಗಿದ್ದುಂಟು. ಅಲ್ಲಿ ಹತ್ತಿದ್ದು ಮೆಟ್ಟಿಲು. ಮೆಟ್ಟಿಲಿಗೂ ಬಂಡೆಗೂ ಏನು ವ್ಯತ್ಯಾಸ ಎಂದು ತಿಳಿಯಲು ಇಪ್ಪತ್ತು ವರ್ಷ ಆಗಬೇಕಾಯಿತು.

ನಮ್ಮ ನಾಲ್ವರ ಪರಿಚಯ ಮಾಡಿಕೊಟ್ಟುಬಿಡುತ್ತೇನೆ. ಹಾಸ್ಟೆಲ್‌ನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ಪದ್ಧತಿ ಇಲ್ಲ, ಊರೇ ಹೆಸರು. ಹಾಗಾಗಿ ಒಬ್ಬ ಜಗಳೂರು, ಒಬ್ಬ ಚನ್ನಗಿರಿ, ಒಬ್ಬ ಹರಿಹರ. ನಾನು ದಾವಣಗೆರೆಯವನೇ ಆದ್ದರಿಂದ, ಹಾಸ್ಟೆಲ್‌ನಲ್ಲಿ ಇರದಿದ್ದರೂ ದಿನಾ ಅಲ್ಲೇ ಬಿದ್ದಿರುತ್ತಿದ್ದುದರಿಂದ, ‘ಲೋಕಲ್’.

ಈ ಬರಹ ಹರಿಹರನದ್ದು. ಅವನಿಗೆ ಓದಿ ಹೇಳಿ, ಒಪ್ಪಿಗೆ ತಗೊಂಡೇ ಕಳಿಸುತ್ತಿದ್ದೇನೆ.

ಹರಿಹರನ ಅಪ್ಪನದ್ದು ಊರಲ್ಲೇ ಸಣ್ಣ ಲೇತ್ ವರ್ಕ್‌ಶಾಪ್. ಲೇತ್ ಮಷಿನ್ ತಯಾರಿಸುತ್ತಿದ್ದ ಊರು ಅದು, ಕಿರ್ಲೋಸ್ಕರ್ ಕಾಲದಿಂದಲೂ ಅಲ್ಲಿ ಕಬ್ಬಿಣದ ಕೆಲಸ ಬಲ್ಲವರು ಮನೆಗೊಬ್ಬರು. ಇವನೂ ಹೈಸ್ಕೂಲಿನಿಂದಲೇ ಮಷಿನ್ ಮೇಲೆ ಕೈಯಾಡಿಸಿದವನು. ಲ್ಯಾಬ್‌ನಲ್ಲಿ ನಾವು ಜಾಬ್ ಹಾಳು ಮಾಡಿಕೊಂಡು ಕೂತಾಗ ಮೆಲ್ಲಗೆ ಬಂದು ಸರಿ ಮಾಡಿಕೊಟ್ಟು ಹೋಗುವವನು. ಮೈ ತುಸು ಭಾರ, ಮಾತು ಕಮ್ಮಿ. ಅವನಿಗೆ ಎತ್ತರ ಅಂದರೆ ಆಗುವುದಿಲ್ಲ. ತುಂಗಭದ್ರಾ ಸೇತುವೆ ಮೇಲೂ ಕೆಳಗೆ ಇಣುಕಿ ನೋಡುವವನಲ್ಲ. ಇದು ನಮಗೆ ಗೊತ್ತಾಗಿದ್ದು ಚಿತ್ರದುರ್ಗದಲ್ಲಿ.

ಅಕ್ಟೋಬರ್‌ನ ಒಂದು ಭಾನುವಾರ ಎರಡು ಬೈಕಿನಲ್ಲಿ ದುರ್ಗಕ್ಕೆ ಹೋದೆವು. ದಾವಣಗೆರೆಯಿಂದ ಸುಮಾರು 60 ಕಿಲೋಮೀಟರ್. ಏಳು ಸುತ್ತಿನ ಕೋಟೆ ಎಲ್ಲರೂ ನೋಡಿರುತ್ತೀರಿ, ಒನಕೆ ಓಬವ್ವನ ಕಿಂಡಿಯ ಹತ್ತಿರ ಫೋಟೊ ತೆಗೆಸಿಕೊಂಡಿರುತ್ತೀರಿ. ತುಪ್ಪದ ಕೊಳದ ಬತೇರಿಗೆ ಹತ್ತಿದ್ದೀರಾ? ಅಲ್ಲಿ ಮೆಟ್ಟಿಲಿಲ್ಲ. ಕಡಿದಾದ ಬಂಡೆಯ ಮೈಮೇಲೆ ಪಾದದ ಮುಂಭಾಗ ಹಿಡಿಯುವಷ್ಟು ಗುಳಿಗಳನ್ನು ಕೊರೆದಿದ್ದಾರೆ, ಅಷ್ಟೇ. ಹಿಡಿದುಕೊಳ್ಳಲು ಏನೂ ಇಲ್ಲ. ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಹತ್ತುವ ಜ್ಯೋತಿರಾಜ್, ಎಲ್ಲರೂ ಕೋತಿರಾಜ್ ಅನ್ನುವವರು, ಅವರ ವಿಡಿಯೊ ನೋಡಿಕೊಂಡೇ ಹೋಗಿದ್ದ ನಮಗೆ ಇದೇನು ಮಹಾ ಅನ್ನಿಸಿತು. ನಿಜವಾಗಿಯೂ ಮೇಲೆ ಹೋಗುವುದು ಕಷ್ಟವಾಗಲಿಲ್ಲ. ಇಳಿಯುವಾಗ ಹರಿಹರ ಕುಂಡಿ ಮೇಲೆ ಕೂತು, ಎರಡೂ ಕೈ ಹಿಂದಕ್ಕೆ ಊರಿ, ಒಂದೊಂದೇ ಗುಳಿ ತಡವುತ್ತ ಬಂದ. ಪ್ಯಾಂಟ್ ಹರಿಯಿತು. ನಾನು ಕೆಳಗಿನಿಂದ ಅಷ್ಟನ್ನೂ ವಿಡಿಯೊ ಮಾಡಿ, ಸಿನಿಮಾ ಹಾಡು ಸೇರಿಸಿ, ರೀಲ್ ಹಾಕಿದೆ. ಕ್ಲಾಸ್ ಗ್ರೂಪಿನಲ್ಲಿ ನಗುವ ಇಮೋಜಿಗಳ ಸಾಲು. ಅವನೂ ಒಂದು ಇಮೋಜಿ ಹಾಕಿದ. ಹಾಗಾಗಿ ಅವನಿಗೆ ಬೇಜಾರಾಗಿಲ್ಲ ಅಂದುಕೊಂಡೆ.

ದುರ್ಗ ಆಯಿತು, ಇನ್ನು ದೊಡ್ಡದು ಬೇಕಲ್ಲ. ಕುಮಾರ ಪರ್ವತ ಅಂತ ತೀರ್ಮಾನವಾಯಿತು.

ಮೊದಲೆಲ್ಲ ಬ್ಯಾಗ್ ಏರಿಸಿಕೊಂಡು ಹೊರಟರೆ ಆಗುತ್ತಿತ್ತಂತೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಅಲ್ಲಿ ಜಾತ್ರೆಯಷ್ಟು ಜನ ಸೇರಿದ ವಿಡಿಯೊ ನೆನಪಿರಬಹುದು, ಬೆಟ್ಟದ ಮೇಲೆ ಕ್ಯೂ. ಆಮೇಲೆ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಆಗುವವರೆಗೆ ಚಾರಣ ನಿಲ್ಲಿಸಲು ಆದೇಶಿಸಿದರು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಬುಕ್ ಮಾಡಬೇಕು, ದಿನಕ್ಕೆ ಇಷ್ಟೇ ಜನ ಅಂತ ಲೆಕ್ಕ. ಮಳೆಗಾಲದಲ್ಲೂ ಕಾಳ್ಗಿಚ್ಚಿನ ಭಯವಿರುವ ಬೇಸಿಗೆಯಲ್ಲೂ ಬಾಗಿಲು ಹಾಕಿರುತ್ತದೆ. ನಮಗೆ ನವೆಂಬರ್‌ನ ಒಂದು ದಿನ ಸಿಕ್ಕಿತು.

ವಿಜಯಪುರದಿಂದ ಮಂಗಳೂರಿಗೆ ಹೋಗುವ ರೈಲು ರಾತ್ರಿ ಮೊದಲು ಹರಿಹರಕ್ಕೆ ಬಂದು ಆಮೇಲೆ ದಾವಣಗೆರೆಗೆ ಬರುತ್ತದೆ. ಹರಿಹರ ಮೊದಲೇ ಹತ್ತಿ, ಜನರಲ್ ಬೋಗಿಯಲ್ಲಿ ನಾಲ್ಕು ಜನರ ಜಾಗಕ್ಕೆ ಟವೆಲ್ ಹಾಸಿ ಕೂತಿದ್ದ. ಜೊತೆಗೆ ಅವರ ಅಮ್ಮ ಕಟ್ಟಿಕೊಟ್ಟ ಮಂಡಕ್ಕಿ, ಪೇಪರಿನಲ್ಲಿ ಸುತ್ತಿದ ಮಿರ್ಚಿ. ‘ಅಮ್ಮಂಗೆ ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ಹೇಳೀನಿ, ಬೆಟ್ಟ ಅಂದಿಲ್ಲ. ಫೋನ್ ಬಂದ್ರೆ ಬಾಯಿ ಬಿಡಬ್ಯಾಡ್ರಿ’ ಅಂದ. ಬೆಳಗಿನ ಜಾವ ಸಕಲೇಶಪುರ ದಾಟಿದ ಮೇಲೆ 57 ಸುರಂಗಗಳನ್ನು ಎಣಿಸಬೇಕೆಂದು ಶುರು ಮಾಡಿ ಚನ್ನಗಿರಿ ಹನ್ನೆರಡಕ್ಕೆ ನಿದ್ದೆ ಹೋದ.

ಒಂದು ಲೆಕ್ಕ ನಮ್ಮನ್ನು ಬೆಚ್ಚಿಬೀಳಿಸಿತು. ಕುಮಾರ ಪರ್ವತದ ಎತ್ತರ 1,712 ಮೀಟರ್. ದಾವಣಗೆರೆಯೇ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಹಾಗಾದರೆ ಹತ್ತುವುದು ಸಾವಿರ ಚಿಲ್ಲರೆ ಅಂದುಕೊಂಡಿದ್ದೆವು. ರೈಲು ಘಾಟಿ ಇಳಿಯುತ್ತಲೇ ಹೋಯಿತು. ಕುಕ್ಕೆ ಇರುವುದು ಬರೀ ನೂರು ಮೀಟರ್ ಚಿಲ್ಲರೆ ಎತ್ತರದಲ್ಲಿ! ಅಂದರೆ ಹತ್ತಬೇಕಾದದ್ದು ಸುಮಾರು 1,600 ಮೀಟರ್. ಹೋಗಿಬರಲು 25 ಕಿಲೋಮೀಟರ್ ಆಸುಪಾಸು ನಡಿಗೆ.

ಆ ದಿನ ದೇವರ ದರ್ಶನ, ದೇವಸ್ಥಾನದ ಊಟ, ನಿದ್ದೆ. ಮರುದಿನ ಬೆಳಕು ಹರಿಯುವಾಗ ಹೊರಟೆವು.

ಮೊದಲ ಐದು ಕಿಲೋಮೀಟರ್ ದಟ್ಟ ಕಾಡು. ಬೇರುಗಳೇ ಮೆಟ್ಟಿಲು. ಆಕಾಶ ಕಾಣುವುದಿಲ್ಲ, ಗಾಳಿ ಇಲ್ಲ, ಅಂಗಿ ಹಿಂಡಿದರೆ ಬೆವರು. ಭೀಮನ ಬಂಡೆ ಬರುವಷ್ಟರಲ್ಲಿ ಜಗಳೂರು ತನ್ನ ರೆಸ್ಯೂಮೆಯಿಂದ ಟ್ರೆಕ್ಕಿಂಗ್ ತೆಗೆಯುವುದಾಗಿ ಘೋಷಿಸಿದ. ಇಂಬಳಗಳ ಬಗ್ಗೆ ಬರೆಯಲು ಹೋಗುವುದಿಲ್ಲ, ಅವು ನಮ್ಮ ಬಗ್ಗೆ ಸಾಕಷ್ಟು ತಿಳಿದುಕೊಂಡವು. ಕಾಡು ಮುಗಿದು ಗಿರಿಗದ್ದೆಗೆ ಬಂದರೆ ಅಲ್ಲಿ ಭಟ್ಟರ ಮನೆ, ಚಾರಣಿಗರಿಗೆಲ್ಲ ಗೊತ್ತಿರುವ ಮನೆ. ಅದರಾಚೆ ಅರಣ್ಯ ಇಲಾಖೆಯ ತನಿಖಾ ಠಾಣೆ. ಬ್ಯಾಗ್ ಬಿಚ್ಚಿ ನೋಡಿ, ಪ್ಲಾಸ್ಟಿಕ್ ಎಣಿಸಿ ಬರೆದುಕೊಂಡರು. ಅಲ್ಲಿದ್ದ ಸಿಬ್ಬಂದಿ ನಮ್ಮ ಬೂಟುಗಳನ್ನು ನೋಡಿದರು. ಜಗಳೂರು ಹಾಕಿದ್ದು ಕ್ಯಾನ್ವಾಸ್.

‘ಮೇಲೆ ಬಂಡೆ ಒದ್ದೆ ಉಂಟು. ಹತ್ತುದು ದೊಡ್ಡದಲ್ಲ ಮಾರಾಯ್ರೆ, ಇಳಿಯುದು ಉಂಟಲ್ಲ, ಅದು. ಕತ್ತಲೆ ಆಗುದರೊಳಗೆ ಇಲ್ಲಿ ಇರ್ಬೇಕು’ ಅಂದರು. ನಾವು ತಲೆಯಾಡಿಸಿದೆವು, ಪರೀಕ್ಷಾ ಹಾಲ್‌ನಲ್ಲಿ ಸೂಚನೆ ಓದುವಾಗ ಆಡಿಸುತ್ತೇವಲ್ಲ ಹಾಗೆ.

ಅಲ್ಲಿಂದ ಮುಂದೆ ಮರವೇ ಇಲ್ಲ. ಎದೆಮಟ್ಟದ ಹುಲ್ಲು, ಬಿಸಿಲು, ನೆತ್ತಿಯ ಮೇಲೆ ಇನ್ನೊಂದು ನೆತ್ತಿ. ನಾಲ್ಕು ಕಂಬದ ಕಲ್ಲು ಮಂಟಪದ ಹತ್ತಿರ ನೀರು ತುಂಬಿಸಿಕೊಂಡೆವು. ಪ್ರತಿ ಸಲವೂ ‘ಇದೇ ತುದಿ’ ಅಂತ ಹತ್ತಿ ನೋಡಿದರೆ ಅದರ ಹಿಂದೆ ಇನ್ನೊಂದು ಎದ್ದು ನಿಂತಿರುತ್ತಿತ್ತು. ಹಾಗೆ ಹತ್ತಿ ಹತ್ತಿ ಶೇಷ ಪರ್ವತಕ್ಕೆ ಬಂದೆವು.

ಶೇಷ ಪರ್ವತ ಹೆಸರಿಗೆ ತಕ್ಕಂತೆ ಹೆಡೆ ಎತ್ತಿದ ಹಾವು. ಬೆಟ್ಟದ ಏಣು ಇಲ್ಲಿ ಕಿರಿದಾಗುತ್ತದೆ. ಒಂದು ಬದಿ ಹುಲ್ಲಿನ ಇಳಿಜಾರು, ಇನ್ನೊಂದು ಬದಿ ಬರೀ ಬಂಡೆ, ಅದರ ಕೆಳಗೆ ಏನೂ ಇಲ್ಲ. ಮೋಡ ಆ ಬದಿಯಿಂದ ಮೇಲಕ್ಕೆ ಬಂದು, ಅಂಚಿನಲ್ಲಿ ನಮ್ಮ ಮುಖಕ್ಕೆ ತಾಗಿ, ಈ ಬದಿಗೆ ಇಳಿದುಹೋಗುತ್ತಿತ್ತು. ಗಾಳಿಗೆ ಚನ್ನಗಿರಿಯ ಟೋಪಿ ಹಾರಿತು. ಅದು ಬೀಳುವುದನ್ನು ನಾವು ನಾಲ್ವರೂ ನೋಡಿದೆವು, ಬಹಳ ಹೊತ್ತು ಬೀಳುತ್ತಲೇ ಇತ್ತು.

ಹರಿಹರ ಅಂಚಿನಿಂದ ದೂರ, ಒಂದು ಕಲ್ಲಿಗೆ ಬೆನ್ನು ಕೊಟ್ಟು ಕೂತ. ಎದುರಿಗೆ ಕಾಡು ತುಂಬಿದ ತಗ್ಗು, ಅದರಾಚೆ ಕುಮಾರ ಪರ್ವತ. ತಗ್ಗಿನಿಂದ ಮೇಲೆ ಕಪ್ಪು ಹಾಸುಬಂಡೆಗಳು ಮಿಂಚುತ್ತಿದ್ದವು. ಮಿಂಚುತ್ತಿವೆ ಅಂದರೆ ಒದ್ದೆ ಇವೆ.

‘ನಾನು ಬರಲ್ಲಲೇ. ಇಲ್ಲೇ ಕೂತಿರ್ತೀನಿ, ನೀವು ಹೋಗ್ಬರ್ರಿ’ ಅಂದ.

‘ಯಾಕಲೇ, ಇನ್ನೊಂದು ರೀಲ್ ಬೇಕಾ?’ ಅಂದೆ ನಾನು.

ಎಲ್ಲರೂ ನಕ್ಕರು. ಅವನೂ ನಕ್ಕು, ಪ್ಯಾಂಟಿನ ಹುಲ್ಲು ಕೊಡವಿಕೊಂಡು ಎದ್ದ.

ಮುಂದೆ ಬರುವ ಬಂಡೆಗಳ ಕಥೆಗಿಂತ ಈ ಒಂದು ಸಾಲು ಬರೆಯುವುದೇ ನನಗೆ ಕಷ್ಟವಾಯಿತು. ಅವನು ಹೇಳಿದ್ದು ಸ್ಪಷ್ಟವಾಗಿತ್ತು, ಹೇಳಿದ ಜಾಗವೂ ಸರಿಯಾಗಿತ್ತು. ಗುಂಪಿನಲ್ಲಿ ಒಬ್ಬ ಸಾಕು ಅಂದರೆ ಇನ್ನೊಬ್ಬ ಅವನ ಜೊತೆ ನಿಲ್ಲಬೇಕು, ಉಳಿದಿಬ್ಬರು ಹೋಗಿಬರಬೇಕು ಅಥವಾ ಎಲ್ಲರೂ ತಿರುಗಬೇಕು. ಇದು ನನಗೀಗ ಗೊತ್ತು. ಆಗ ನನ್ನ ತಲೆಯಲ್ಲಿದ್ದದ್ದು ನಾಲ್ವರೂ ತುದಿಯಲ್ಲಿ ನಿಂತ ಫೋಟೊ ಒಂದೇ.

ತಗ್ಗಿನ ಶೋಲಾ ಕಾಡು ತಣ್ಣಗೆ, ಕತ್ತಲೆಗೆ ಇತ್ತು. ಸಣ್ಣ ತೊರೆ ದಾಟಿದ ಮೇಲೆ ಬಂಡೆ ಶುರು. ಬೇಸಿಗೆಯಲ್ಲಿ ಇವೇ ಬಂಡೆಗಳ ಮೇಲೆ ಆರಾಮಾಗಿ ನಡೆದು ಹೋಗಬಹುದೇನೋ. ನವೆಂಬರ್‌ನಲ್ಲಿ ಮಳೆಗಾಲದ ನೀರು ಇನ್ನೂ ಒಸರುತ್ತಿರುತ್ತದೆ. ನೀರು ಹರಿದ ಜಾಡಿನಲ್ಲಿ ಪಾಚಿ, ಪಾಚಿಯ ಪಕ್ಕದಲ್ಲಿ ಒಣ ಪಟ್ಟಿ. ಒಣ ಪಟ್ಟಿ ಹುಡುಕಿಕೊಂಡು ನಾಲ್ಕು ಕಾಲಿನಲ್ಲಿ ಹತ್ತಿದೆವು. ಹರಿಹರ ನನಗಿಂತ ಚೆನ್ನಾಗಿ ಹತ್ತಿದ. ಹತ್ತುವಾಗ ಕಣ್ಣೆದುರು ಬರೀ ಕೈ ಮತ್ತು ಕಲ್ಲು, ಅವೆರಡೂ ಅವನಿಗೆ ಅಭ್ಯಾಸವಿದ್ದ ವಿಷಯಗಳೇ.

ತುದಿ ನಿರಾಸೆಯ ಜಾಗ. ಸಮತಟ್ಟಾದ ಬಯಲು, ಸಣ್ಣದೊಂದು ಕಲ್ಲಿನ ಗುಡಿ, ಬಂದವರು ಒಂದರ ಮೇಲೊಂದು ಪೇರಿಸಿಟ್ಟ ಕಲ್ಲುಗಳು, ಸುತ್ತ ಮೋಡ. ಆ ಕಡೆ ಕೊಡಗು, ಈ ಕಡೆ ದಕ್ಷಿಣ ಕನ್ನಡ ಅಂತಾರೆ, ನಮಗೆ ಎರಡೂ ಕಾಣಲಿಲ್ಲ. ಫೋಟೊ ತೆಗೆದೆವು. ಅದರಲ್ಲಿ ಹರಿಹರನ ಮುಖ ನೋಡಿದರೆ ಈಗ ಗೊತ್ತಾಗುತ್ತದೆ, ಅವನು ಕ್ಯಾಮೆರಾ ನೋಡುತ್ತಿಲ್ಲ, ಬಂದ ದಾರಿಯ ಕಡೆ ನೋಡುತ್ತಿದ್ದಾನೆ.

ಇಳಿಯುವಷ್ಟರಲ್ಲಿ ಮೋಡ ಬಂಡೆಗೆ ಇಳಿದಿತ್ತು. ಮಳೆ ಅಲ್ಲ, ಆದರೆ ಒಣ ಪಟ್ಟಿಗಳೆಲ್ಲ ಮಾಯ. ಜಗಳೂರು ಮತ್ತು ಚನ್ನಗಿರಿ ಹೇಗೋ ಜಾರುತ್ತಾ, ಬೈಯುತ್ತಾ ಕೆಳಗೆ ಹೋದರು. ನಾನು ಹರಿಹರನ ಹಿಂದೆ, ಅಂದರೆ ಮೇಲೆ ಇದ್ದೆ. ಬಂಡೆಯ ಅರ್ಧಕ್ಕೆ ಅವನು ಕೂತ. ದುರ್ಗದಲ್ಲಿ ಕೂತ ಹಾಗೇ, ಕೈ ಹಿಂದಕ್ಕೆ ಊರಿ. ಆದರೆ ಇಲ್ಲಿ ಗುಳಿ ಇಲ್ಲ.

‘ಲೋಕಲ್, ಕಾಲು ನಿಲ್ತಿಲ್ಲಲೇ.’

ಅವನ ಬಲಗಾಲು ಹೊಲಿಗೆ ಮಷಿನ್ ತುಳಿದಂತೆ ತನ್ನಷ್ಟಕ್ಕೆ ತಾನೇ ಕುಣಿಯುತ್ತಿತ್ತು. ಕೆಳಗಿನಿಂದ ಜಗಳೂರು ‘ಕೂತ್ಕೊಂಡೇ ಜಾರಿ ಬಾರಲೇ, ಹಿಡ್ಕೊಂತೀವಿ’ ಅಂತ ಕೂಗಿದ. ಹಿಡಿದುಕೊಳ್ಳುವುದು ಎಲ್ಲಿಂದ ಬಂತು, ಜಾರಿ ಬಂದರೆ ಮೂವರೂ ತೊರೆಗೆ.

ಮೊದಲ ವರ್ಷ ಮೆಕ್ಯಾನಿಕ್ಸ್‌ನಲ್ಲಿ ಘರ್ಷಣೆ ಓದಿದ್ದೇವೆ. ಇಳಿಜಾರಿನ ಕೋನದ ಟ್ಯಾನ್ ಬೆಲೆ ಘರ್ಷಣೆಯ ಗುಣಾಂಕವನ್ನು ದಾಟಿದ ಕ್ಷಣ ವಸ್ತು ಜಾರುತ್ತದೆ. ಗುಣಾಂಕ 1 ಇದ್ದರೆ 45 ಡಿಗ್ರಿವರೆಗೂ ನಿಲ್ಲುತ್ತದೆ, 0.5 ಆದರೆ 27 ಡಿಗ್ರಿಗೇ ಜಾರುತ್ತದೆ. ತೂಕ ಸಮೀಕರಣದ ಎರಡೂ ಕಡೆ ಇದ್ದು ಹೊಡೆದುಹೋಗುತ್ತದೆ, ಹಾಗಾಗಿ ಪುಸ್ತಕದ ಲೆಕ್ಕದಲ್ಲಿ ದಪ್ಪಗಿದ್ದವನೂ ಸಣ್ಣಗಿದ್ದವನೂ ಒಂದೇ ಕೋನಕ್ಕೆ ಜಾರುತ್ತಾರೆ. ಒಣ ಬಂಡೆಗೆ ಬೂಟಿನ ರಬ್ಬರ್ ಗಟ್ಟಿಯಾಗಿ ಕಚ್ಚುತ್ತದೆ, ಒದ್ದೆ ಪಾಚಿಗೆ ಕಚ್ಚುವುದೇ ಇಲ್ಲ. ಈ ಪ್ರಶ್ನೆಗೆ ನನಗೆ ಹತ್ತಕ್ಕೆ ಹತ್ತು ಬಂದಿತ್ತು. ಬಂಡೆಯ ಮೇಲೆ ಅದು ನನ್ನ ಭಯ ಹೆಚ್ಚಿಸಿದ್ದು ಬಿಟ್ಟರೆ ಇನ್ನೇನೂ ಮಾಡಲಿಲ್ಲ.

ನಾನು ಅವನ ಕೆಳಗೆ ಹೋಗಿ ನಿಲ್ಲಬೇಕೆಂದು ಪಕ್ಕದಿಂದ ಇಳಿಯತೊಡಗಿದೆ. ಆಗ ಮೇಲಿಂದ ಯಾರೋ ‘ಅವರ ನೇರ ಕೆಳಗೆ ನಿಲ್ಲಬೇಡಿ’ ಅಂದರು. ಸೋಮವಾರಪೇಟೆ ಕಡೆಯಿಂದ ಹತ್ತಿ ಬಂದಿದ್ದ ಗುಂಪಿನ ಒಬ್ಬರು, ನಮ್ಮ ಅಪ್ಪಾಜಿಯ ವಯಸ್ಸಿನವರು. ಕುಕ್ಕೆಗೆ ಇಳಿಯುತ್ತಿದ್ದರು. ಅವರು ಬಂದವರೇ ಹರಿಹರನ ಪಕ್ಕ, ಒಂದು ಮೊಳ ದೂರದಲ್ಲಿ ಕೂತರು. ಕೈ ಹಿಡಿಯಲಿಲ್ಲ, ಹೆದರಬೇಡ ಅನ್ನಲೂ ಇಲ್ಲ. ಜೇಬಿನಿಂದ ಚಿಕ್ಕಿ ತೆಗೆದು ಕೊಟ್ಟರು. ಯಾವೂರು, ಅಪ್ಪ ಏನು ಮಾಡ್ತಾರೆ ಅಂತ ಕೇಳಿದರು. ಹತ್ತು ನಿಮಿಷ ಲೇತ್ ಬಗ್ಗೆ ಮಾತು! ನಾನು ಅಲ್ಲೇ ಹಲ್ಲಿ ಥರ ಬಂಡೆಗೆ ಅಂಟಿಕೊಂಡು, ಇವರಿಗೇನು ಹುಚ್ಚಾ ಅಂದುಕೊಳ್ಳುತ್ತಿದ್ದೆ. ನೋಡಿದರೆ ಕಾಲು ಕುಣಿಯುವುದು ನಿಂತಿತ್ತು.

‘ಈಗ ಬಂಡೆ ಕಡೆ ತಿರುಗಿ. ಏಣಿ ಇಳಿಯುವ ಹಾಗೆ, ಬೆನ್ನು ಹೊರಗೆ.’

ತಿರುಗುವುದಕ್ಕೇ ಐದು ನಿಮಿಷ ಹಿಡಿಯಿತು. ತಿರುಗಿದವನು ಬಂಡೆಯನ್ನು ತಬ್ಬಿಕೊಂಡುಬಿಟ್ಟ. ‘ತಬ್ಬಬೇಡಿ. ತಬ್ಬಿದರೆ ಕಾಲು ಹೊರಗೆ ಜಾರ್ತದೆ. ಹೊಟ್ಟೆ ದೂರ ಇಡಿ, ಭಾರ ಪಾದದ ಮೇಲೆ ಬರಲಿ. ಹಿಮ್ಮಡಿ ಕೆಳಗೆ ಬಿಡಿ’ ಅಂದರು. ‘ಎರಡು ಕೈ, ಎರಡು ಕಾಲು. ಮೂರು ಹಿಡಿದಿರಬೇಕು, ಒಂದು ಮಾತ್ರ ಅಲ್ಲಾಡಬೇಕು. ಅದು ಕೂತ ಮೇಲೆ ಇನ್ನೊಂದು.’

‘ಥ್ರೀ ಜಾ ಚಕ್ಕು’ ಅಂದ ಹರಿಹರ. ಲೇತ್‌ನಲ್ಲಿ ಜಾಬನ್ನು ಮೂರು ದವಡೆಯಿಂದ ಹಿಡಿಯುವ ಚಕ್. ಅದು ಅವನು ಅರ್ಧ ಗಂಟೆಯಲ್ಲಿ ಆಡಿದ ಮೊದಲ ಸರಿಯಾದ ಮಾತು.

ಅವರು ಬಂಡೆಯ ಅಂಚಿಗೆ, ಪೊದೆ ಮತ್ತು ಬೇರುಗಳಿದ್ದ ಕಡೆಗೆ ಅವನನ್ನು ಅಡ್ಡಡ್ಡ ಸರಿಸಿಕೊಂಡು ಹೋದರು. ನಾನು ಪಕ್ಕದಲ್ಲಿ ಇಳಿಯುತ್ತಾ, ಅವನಿಗೆ ಕಾಣದ ಅವನ ಪಾದಕ್ಕೆ ಜಾಗ ಹೇಳುತ್ತಾ ಹೋದೆ. ಎಡಗಾಲು ಇನ್ನೊಂಚೂರು ಕೆಳಗೆ. ಇಲ್ಲ, ಅದು ಪಾಚಿ. ಬಲಕ್ಕೆ. ಹಾಂ, ಕೂತ್ಕೊಂತು. ಎರಡು ಮಹಡಿ ಎತ್ತರವೂ ಇರಲಿಲ್ಲ ಆ ಜಾಗ. ಇಳಿಯಲು ಐವತ್ತು ನಿಮಿಷ ಆಯಿತು. ಕಾಡಿನ ಮಣ್ಣಿಗೆ ಕಾಲಿಟ್ಟ ಮೇಲೆ ಹರಿಹರ ಒಂದು ಮರ ಹಿಡಿದು ವಾಂತಿ ಮಾಡಿದ. ಆ ಹಿರಿಯರು ತಮ್ಮ ಗುಂಪಿನ ಜೊತೆ ಮುಂದೆ ಹೋದರು. ಅವರ ಹೆಸರು ಕೇಳಲು ನಮಗೆ ನೆನಪೇ ಆಗಲಿಲ್ಲ.

ಗಿರಿಗದ್ದೆಯ ಠಾಣೆ ತಲುಪುವಾಗ ಸಂಜೆ ಕಪ್ಪಾಗುತ್ತಿತ್ತು. ಬೆಳಗಿನ ಸಿಬ್ಬಂದಿ ಹೊರಗೆ ನಿಂತು ಹೆಸರು ಟಿಕ್ ಹಾಕುತ್ತಿದ್ದರು. ಬೈದರು, ಬೈಸಿಕೊಳ್ಳುವ ಹಾಗೇ ಇದ್ದೆವು. ಇಳಿಯುತ್ತಿದ್ದ ಕೊನೆಯ ಗುಂಪಿನ ಜೊತೆ ಸೇರಿಸಿ ಕಳಿಸಿದರು. ನಮ್ಮಲ್ಲಿ ಟಾರ್ಚ್ ಇರಲಿಲ್ಲ. ಸೆಲ್ಫಿ ಸ್ಟಿಕ್ ಇತ್ತು. ರೀಲ್ ತೆಗೆದು ತೆಗೆದು ಮೂರು ಫೋನ್ ಸತ್ತಿದ್ದವು. ಹರಿಹರನ ಫೋನಿನ ಲೈಟಿನಲ್ಲೇ ನಾಲ್ವರೂ ಬೇರು ತಡವುತ್ತಾ ನಡೆದೆವು. ಫೋಟೊ ತೆಗೆಯದವನ ಬ್ಯಾಟರಿ.

ಅವನು ಮುಂದೆ, ನಾನು ಹಿಂದೆ. ಬಹಳ ಹೊತ್ತಾದ ಮೇಲೆ ತಿರುಗದೆಯೇ ಕೇಳಿದ.

‘ಶೇಷ ಪರ್ವತದಲ್ಲಿ ನಾನು ಬರಲ್ಲ ಅಂದೆ. ಕೇಳಿಸ್ಲಿಲ್ವಾ ನಿಂಗೆ?’

ಕೇಳಿಸಲಿಲ್ಲ ಅನ್ನಬಹುದಿತ್ತು, ಗಾಳಿ ಜೋರಿತ್ತು.

‘ಕೇಳಿಸ್ತು’ ಅಂದೆ.

‘ಹ್ಞೂಂ’ ಅಂದ. ಕುಕ್ಕೆಯ ದೀಪ ಕಾಣುವವರೆಗೂ ಇನ್ನೇನೂ ಮಾತಾಡಲಿಲ್ಲ.

ವಾಪಸ್ ಬಂದ ಮೇಲೆ ಒಂದು ವಾರ ಅವನು ಹರಿಹರದಿಂದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡಿದ, ಹಾಸ್ಟೆಲ್ ಕಡೆ ಬರಲಿಲ್ಲ. ಮಂಡಿ ನೋವು ಅಂತ ಕಾರಣ. ನಾನು ದುರ್ಗದ ರೀಲ್ ಅಳಿಸಿ ಅವನಿಗೆ ಮೆಸೇಜ್ ಹಾಕಿದೆ. ‘ಎಲ್ಲರೂ ನೋಡ್ಯಾರಲ್ಲ, ಈಗ ಅಳಿಸಿ ಏನು’ ಅಂತ ಉತ್ತರ ಬಂತು. ಸರಿಯಾದ ಮಾತು.

ಆ ವಾರದಲ್ಲಿ ನಾನು ಬೆಟ್ಟ ಹತ್ತುವವರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಶಿಖರವನ್ನು 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ಅವರ ತಂಡ ಮೊಟ್ಟಮೊದಲು ಹತ್ತಿತು. ತುದಿ ಮುಟ್ಟಿದವರು ಏಳು ಜನ. ಇಳಿಯುವಾಗ ಒಬ್ಬರ ಕಾಲು ಜಾರಿ, ಹಗ್ಗ ತುಂಡಾಗಿ, ನಾಲ್ಕು ಜನ ಸತ್ತರು. ಜಗತ್ತಿನ ದೊಡ್ಡ ದೊಡ್ಡವರೇ ಹೀಗಾಗಿದ್ದಾರೆ ಅಂತ ಸಮಾಧಾನ ಮಾಡಿಕೊಳ್ಳಲು ಓದಿದ್ದು, ಸಮಾಧಾನ ಆಗಲಿಲ್ಲ. ಆ ಏಳೂ ಜನ ತಾವಾಗಿಯೇ ಹೊರಟವರು.

ನೀವು ಹೋಗುವವರಿದ್ದರೆ ಹೋಗಿ, ಬೇಡ ಅನ್ನಲು ನಾನ್ಯಾರು. ಎಷ್ಟು ಗಂಟೆಗೆ ತಿರುಗಬೇಕು ಅಂತ ಕೆಳಗಿರುವಾಗಲೇ ತೀರ್ಮಾನಿಸಿ ಹೋಗಿ, ಮೇಲೆ ಹೋದ ಮೇಲೆ ಆ ಬುದ್ಧಿ ಇರುವುದಿಲ್ಲ. ತಲೆಗೆ ಕಟ್ಟುವ ಟಾರ್ಚ್ ತಗೊಳ್ಳಿ, ಹಲ್ಲಿರುವ ಅಟ್ಟೆಯ ಬೂಟು ಹಾಕಿ, ತಲಾ ಮೂರು ಲೀಟರ್ ನೀರಿರಲಿ. ಮನೆಯಲ್ಲಿ ಬೆಟ್ಟ ಅಂತಲೇ ಹೇಳಿ, ಧರ್ಮಸ್ಥಳ ಅನ್ನಬೇಡಿ. ಬಂಡೆ ಹತ್ತುವುದನ್ನು ಸರಿಯಾಗಿಯೇ ಕಲಿಯಬೇಕು ಅನ್ನುವವರಿಗೆ ನಮ್ಮ ರಾಜ್ಯದಲ್ಲೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಬಾದಾಮಿಯ ಕೆಂಪು ಬಂಡೆಗಳಿಗೆ ದೂರದೂರದಿಂದ ಹತ್ತುವವರು ಬರುತ್ತಾರೆ. ಯೂಟ್ಯೂಬ್ ನೋಡಿ ಕಲಿತವನ ಕಥೆ ಈಗಷ್ಟೇ ಓದಿದಿರಿ.

ಜನವರಿಯಲ್ಲಿ ಅಣಕು ಸಂದರ್ಶನ ಇತ್ತು. ‘ಟ್ರೆಕ್ಕಿಂಗ್ ಅಂತ ಬರೆದಿದ್ದೀರಿ, ಎಲ್ಲಿಗೆ ಹೋಗಿದ್ರಿ?’ ಅಂತ ಕೇಳಿದರು. ಕುಮಾರ ಪರ್ವತ, 1,712 ಮೀಟರ್ ಅಂದೆ. ಮೇಲಿಂದ ಏನು ಕಂಡಿತು ಅಂತ ಕೇಳಿದರು. ‘ಮೋಡ ಸರ್’ ಅಂದೆ. ಅವರು ನಕ್ಕು ಮುಂದಿನ ಪ್ರಶ್ನೆಗೆ ಹೋದರು. ಟೀಂ ವರ್ಕ್ ಬಗ್ಗೆ ಕೇಳಿಬಿಟ್ಟರೆ ಏನು ಹೇಳುವುದು ಅಂತ ನಾನು ಬೆವರುತ್ತಿದ್ದೆ, ಕೇಳಲಿಲ್ಲ. ಹರಿಹರ ಅಷ್ಟರಲ್ಲಿ ತನ್ನ ರೆಸ್ಯೂಮೆಯಲ್ಲಿ ಟ್ರೆಕ್ಕಿಂಗ್ ಅಳಿಸಿ ‘ಲೇತ್ ಕೆಲಸ’ ಅಂತ ಬರೆದುಕೊಂಡಿದ್ದ. ಅವನ ಸಂದರ್ಶನ ಇಪ್ಪತ್ತೈದು ನಿಮಿಷ ನಡೆಯಿತು, ಹೊರಗೆ ನಿಂತವರಿಗೆ ಒಳಗಿನ ನಗು ಕೇಳುತ್ತಿತ್ತು.

ಕಳೆದ ತಿಂಗಳು ಮತ್ತೆ ಚಿತ್ರದುರ್ಗಕ್ಕೆ ಹೊರಟಾಗ, ಕರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿ ಅವನಿಗೆ ಫೋನ್ ಮಾಡಿದೆ.

‘ಬರ್ತೀನಿ. ಹತ್ತಲ್ಲ’ ಅಂದ. ‘ಬೆಣ್ಣೆ ದೋಸೆ ನಿಂದು.’

ದೋಸೆ ತಿಂದು ಹೊರಟೆವು. ತುಪ್ಪದ ಕೊಳದ ಬಂಡೆಯ ಬುಡದಲ್ಲಿ ಅವನು ನಮ್ಮ ಬ್ಯಾಗುಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ನೆರಳಿಗೆ ಕೂತ. ಚನ್ನಗಿರಿ ತಾನೂ ಹತ್ತಲ್ಲ ಅಂತ ಅವನ ಜೊತೆ ಕೂತು ಕಡಲೆಕಾಯಿ ಬಿಡಿಸತೊಡಗಿದ. ಯಾರೂ ಏನೂ ಅನ್ನಲಿಲ್ಲ. ನಾನು ಮತ್ತು ಜಗಳೂರು ಮೇಲೆ ಹೋದೆವು. ಇಳಿಯುವಾಗ ನಾನು ಬಂಡೆ ಕಡೆ ಮುಖ ಮಾಡಿ, ಹೊಟ್ಟೆ ದೂರವಿಟ್ಟು, ಒಂದೊಂದೇ ಕಾಲು ಕೆಳಗೆ ಬಿಡತೊಡಗಿದೆ. ಒಂದು ಕಡೆ ಗುಳಿ ಸಿಗಲಿಲ್ಲ. ಕಾಲು ಗಾಳಿಯಲ್ಲಿ ತಡಕಾಡುತ್ತಿತ್ತು.

‘ಎಡಗಾಲು ಇನ್ನೊಂಚೂರು ಕೆಳಗೆ’ ಅಂತ ಕೆಳಗಿನಿಂದ ಹರಿಹರನ ದನಿ ಬಂತು. ‘ಇನ್ನೊಂಚೂರು. ಹಾಂ, ಕೂತ್ಕೊಂತು ನೋಡು.’